ಬದಿಯಡ್ಕ–ವಿಟ್ಲ ಮದುವೆ: ತಲೆಬಿಸಿ ಕಡಿಮೆಯಾಗಲು ಎಲ್ಲಿಂದ ಶುರು ಮಾಡುವುದು?

ಪೆರಡಾಲದಿಂದ
ಎಲ್ಲರಿಗೂ ನಮಸ್ಕಾರ. ಹುಡುಗಿಯ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಹುಡುಗನದ್ದು ಕರ್ನಾಟಕದ ವಿಟ್ಲದಿಂದ ಸ್ವಲ್ಪ ಆಚೆ. ಮದುವೆ ಹುಡುಗಿಯ ಕಡೆಯಲ್ಲಿ, ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಲ್ಲಿ. ಜನ ಸುಮಾರು 600. ಸಭಾಭವನ ಮೊದಲು ಹಿಡಿಯಬೇಕೋ, ಅಡಿಗೆಯವರನ್ನು ಮೊದಲು ಹೇಳಬೇಕೋ ಎಂದು ಮನೆಯಲ್ಲಿ ಈಗಲೇ ಜೋರು ಮಾತು ನಡೆಯುತ್ತಿದೆ. ತಿಳಿದವರು ಕ್ರಮ ಹೇಳಿ. ಕತೆ ಬೇಡ, ಲೆಕ್ಕ ಬೇಕು.

ಸುಧರಿಕೆ ಭಾವ
ಎರಡೂ ಆಮೇಲೆ. ಮೊದಲು ಆ 600 ಎಲ್ಲಿಂದ ಬಂತು ಹೇಳಿ. ಬಾಯಿ ಲೆಕ್ಕವಾದರೆ ಅದನ್ನು ಬಿಟ್ಟು ಕಾಗದ ತೆಗೆದುಕೊಳ್ಳಿ.

ಹೇಳಿಕೆ (ಮದುವೆಯ ಆಮಂತ್ರಣ) ಕೊಡುವ ಮನೆಗಳನ್ನು ಮೂರು ಪಟ್ಟಿ ಮಾಡಿ. ಒಂದು, ಹತ್ತಿರದ ನೆಂಟರು: ಇವರು ಮನೆಮಂದಿಯೆಲ್ಲ ಬರುತ್ತಾರೆ, ತಲೆ ಎಣಿಸಿಯೇ ಬರೆಯಿರಿ. ಎರಡು, ಊರಿನವರು ಮತ್ತು ದೂರದ ಸಂಬಂಧ: ಮನೆಗೆ ಎರಡು. ಮೂರು, ಕೆಲಸದ ಕಡೆಯವರು, ಪರಿಚಯದವರು: ಮನೆಗೆ ಒಂದು. ಹುಡುಗನ ಕಡೆಯ ಸಂಖ್ಯೆಯನ್ನು ಅವರಿಂದಲೇ ಬರೆಸಿಕೊಳ್ಳಿ. ನಮ್ಮಲ್ಲಿ 'ನೀವು ಬರುತ್ತೀರಾ' ಎಂದು ಕೇಳಿದರೆ ಮುಖ ಸಣ್ಣದಾಗುತ್ತದೆ. 'ಬಸ್ಸಿಗೆ ನಿಮ್ಮ ಮನೆಯಿಂದ ಎಷ್ಟು ಸೀಟು ಹಿಡಿಯಲಿ' ಎಂದು ಕೇಳಿದರೆ ಸರಿಯಾದ ಲೆಕ್ಕವೇ ಸಿಗುತ್ತದೆ.

ಇನ್ನೊಂದು ಉಂಟು. ಮೇ ತಿಂಗಳ ಒಳ್ಳೆಯ ಮುಹೂರ್ತದ ದಿನ ಒಂದೊಂದು ಮನೆಗೆ ನಾಲ್ಕೈದು ಹೇಳಿಕೆ ಬಂದಿರುತ್ತದೆ. ಅಪ್ಪ ಒಂದು ಕಡೆ, ಮಗ ಒಂದು ಕಡೆ ಹೋಗುತ್ತಾರೆ. ಅಂಥ ದಿನ ಎರಡನೇ ಪಟ್ಟಿಯ ಮನೆಗೂ ಒಂದೇ ತಲೆ ಹಿಡಿಯಿರಿ. ಮದುವೆ ಕಡಿಮೆ ಇರುವ ಭಾನುವಾರವಾದರೆ ಪಟ್ಟಿಯಲ್ಲಿದ್ದವರೆಲ್ಲ ಬರುತ್ತಾರೆ, ಸಣ್ಣ ಮಕ್ಕಳ ಸಮೇತ.

ಗಿಂಡಿ
ಲೆಕ್ಕಕ್ಕಿಂತ ಮೊದಲು ದಿನ ನಿಲ್ಲಬೇಕಲ್ಲ ಭಾವ.

ದಿನ ನೋಡುವಾಗ ಬರೇ ಪಂಚಾಂಗ ಸಾಲದು. 2026ರಂತೆ ಅಧಿಕ ಮಾಸ ಬಂದ ವರ್ಷ (ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ) ಮದುವೆಗಳೆಲ್ಲ ಏಪ್ರಿಲ್ ಮತ್ತು ಮೇ ಮೊದಲ ಎರಡು ವಾರಕ್ಕೆ ಒತ್ತಿಕೊಂಡು ಬರುತ್ತವೆ. ಸಭಾಭವನ, ಅಡಿಗೆ, ಬಸ್ಸು, ಪುರೋಹಿತರು, ಎಲ್ಲದಕ್ಕೂ ಒಂದೇ ದಿನ ಎಳೆದಾಟ. ಮಧ್ಯದಲ್ಲಿ ಶುಕ್ರ, ಗುರು ಗ್ರಹಗಳ ಮೌಢ್ಯ (ಅಸ್ತವಾಗಿರುವ ಕಾಲ) ಉಂಟೋ ಕೇಳಿ. ಊರಿನ ದೇವಸ್ಥಾನದ ಜಾತ್ರೆಯ ದಿನಾಂಕವನ್ನೂ ಕೇಳಿ: ಕೊಡಿ (ಜಾತ್ರೆಯ ಧ್ವಜ) ಏರಿ ಕೊನೆಯ ಅವಭೃತ ಸ್ನಾನ ಆಗುವ ತನಕ ಮದುವೆ ಮಾಡದ ಕಟ್ಟುಪಾಡು ಹಲವು ಗ್ರಾಮಗಳಲ್ಲಿ ಇನ್ನೂ ಉಂಟು. ಇದು ಹುಡುಗನ ಕಡೆಯವರಿಗೆ ಗೊತ್ತಿರುವುದಿಲ್ಲ, ಎಲ್ಲ ನಿಶ್ಚಯವಾದ ಮೇಲೆ ಹೊರಗೆ ಬರುತ್ತದೆ.

ಪುರೋಹಿತರಿಂದ ಒಂದೇ ದಿನ ಕೇಳಬೇಡಿ. ಮೂರು ದಿನ ಬರೆಸಿಕೊಂಡು ಬನ್ನಿ, ಆ ಮೂರನ್ನು ಹಿಡಿದುಕೊಂಡು ಸಭಾಭವನಕ್ಕೆ ಹೋಗಿ. ಒಂದೇ ದಿನ ಹಿಡಿದುಕೊಂಡು ಹೋದರೆ ಸಿಕ್ಕಿದ ಸಭಾಭವನಕ್ಕೆ ತಲೆಬಾಗಬೇಕಾಗುತ್ತದೆ.

ಗಡಿಯಾಚೆ
ರಜೆಯ ಲೆಕ್ಕವನ್ನೂ ಸೇರಿಸಿ. ಏಪ್ರಿಲ್ ಕೊನೆ, ಮೇ ಎಂದರೆ ಕೇರಳದಲ್ಲೂ ಕರ್ನಾಟಕದಲ್ಲೂ ಶಾಲೆಗೆ ರಜೆ, ತೊಂದರೆ ಇಲ್ಲ. ಆದರೆ ಮದುವೆ ದಸರಾ ಸಮಯಕ್ಕೆ ಹೋಯಿತೆಂದರೆ ವಿಟ್ಲದವರಿಗೆ ಉದ್ದ ರಜೆ, ಕಾಸರಗೋಡಿನ ಮಾಷ್ಟ್ರುಗಳಿಗೆ ಎರಡು ಮೂರೇ ದಿನ. ಓಣಂ ಸಮಯಕ್ಕಾದರೆ ಇದೇ ತಿರುಗುಮುರುಗು.

ಸುಧರಿಕೆ ಭಾವ
ಸರಿ, ದಿನ ಮೂರು, ಜನ ಇಷ್ಟು ಅಂತಾಯಿತು. ಈಗ ಸಭಾಭವನ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ 'ಬಾಡಿಗೆ ಎಷ್ಟು' ಎಂದಲ್ಲ, 'ಊಟದ ಹಾಲ್‌ನಲ್ಲಿ ಒಂದು ಹಂತಿಗೆ (ಪಂಕ್ತಿಗೆ) ಎಷ್ಟು ಎಲೆ' ಎಂದು. ಇಡೀ ದಿನದ ಗಡಿಯಾರ ತಿರುಗುವುದು ಇದರ ಮೇಲೆ.

ಒಂದು ಹಂತಿಗೆ 200 ಎಲೆ ಎಂದಿಟ್ಟುಕೊಳ್ಳಿ. 600 ಜನಕ್ಕೆ ಮೂರು ಹಂತಿ. ಒಂದು ಹಂತಿ ಉಂಡು ಏಳಲು 35 ನಿಮಿಷ, ಎಲೆ ತೆಗೆದು ಒರೆಸಿ ಮತ್ತೆ ಎಲೆ ಹಾಕಲು 10 ನಿಮಿಷ. ಮೊದಲ ಹಂತಿ 12:15ಕ್ಕೆ ಕೂತರೆ ಮೂರನೆಯದು ಏಳುವಾಗ 2:20, ಮತ್ತೆ ಬಡಿಸಿದವರ ಊಟ, ಅಂದರೆ ಮೂರು ಗಂಟೆ. ಧಾರೆಯ ಮುಹೂರ್ತವೇ 12:10ಕ್ಕೆ ಇದ್ದರೆ? ಜನ ಅಕ್ಷತೆ ಹಾಕಿ, ಉಡುಗೊರೆ ಕೊಟ್ಟು, ಫೋಟೋ ತೆಗೆಸಿಕೊಂಡು ಬರುವಾಗ ಒಂದು ಗಂಟೆ. ಬಡಿಸಿದವರ ಊಟವೂ ಮುಗಿಯುವಾಗ ಮೂರೂಮುಕ್ಕಾಲು. ವಿಟ್ಲದ ಆಚೆ ಮನೆಯಲ್ಲಿ ಸಂಜೆ ಗೋಧೂಳಿಗೆ ವಧೂಗೃಹಪ್ರವೇಶ ಇಟ್ಟಿದ್ದರೆ ದಿಬ್ಬಣ ಓಡಿಕೊಂಡು ಹೋಗಬೇಕು.

ಆದ ಕಾರಣ ಗೃಹಪ್ರವೇಶದ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಧಾರೆ 10ರಿಂದ 11ರ ಒಳಗೆ ಸಿಕ್ಕಿದರೆ ಅದೇ ದೊಡ್ಡ ನೆಮ್ಮದಿ. ಸಿಗದಿದ್ದರೆ ಅರ್ಧದಷ್ಟು ಜನಕ್ಕೆ ಒಂದು ಬದಿಯಲ್ಲಿ ಬಫೆ ಇಡಿ, ಹಿರಿಯರಿಗೆ ಮತ್ತು ದಿಬ್ಬಣದವರಿಗೆ ಎಲೆ. ಬಫೆಯಲ್ಲಿ 100 ಜನಕ್ಕೆ ಒಂದು ಸಾಲು ಬೇಕು. 300 ಜನಕ್ಕೆ ಒಂದೇ ಸಾಲು ಮಾಡಿದರೆ ಎಲೆ ಊಟಕ್ಕಿಂತ ತಡ.

ಪೆರಡಾಲದಿಂದ
ಬಾಡಿಗೆಯೊಳಗೆ ಏನೆಲ್ಲ ಬರುತ್ತದೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸುಧರಿಕೆ ಭಾವ
ಅದಕ್ಕೇ ಬರೆಸಿಕೊಳ್ಳಬೇಕು. ಪಾತ್ರೆ, ಗ್ಯಾಸ್ ಒಲೆ, ಜನರೇಟರಿನ ಡೀಸೆಲ್, ನೀರು, ಮೈಕ್, ಗುಡಿಸುವುದು, ಹಿಂದಿನ ದಿನ ಎಷ್ಟು ಗಂಟೆಗೆ ಕೀಲಿ ಸಿಗುತ್ತದೆ. ಕೊನೆಯದ್ದು ಮುಖ್ಯ. ಹಿಂದಿನ ದಿನ ಅಲ್ಲಿಯೇ ಇನ್ನೊಂದು ಮದುವೆ ಇದ್ದರೆ ಸಂಜೆ ಆರರ ಮೊದಲು ಅಡಿಗೆಕೋಣೆ ಸಿಗುವುದಿಲ್ಲ. ತರಕಾರಿ ಹೆಚ್ಚುವವರು ಹೊರಗೆ ಕಾಯುತ್ತಾ ಕೂರುತ್ತಾರೆ.

ಅಡಿಗೆಕೋಣೆ
ನಾನು ಊಟದ ವಿಷಯ ಮಾತ್ರ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಗುತ್ತಿಗೆ ಎರಡು ರೀತಿ. ಎಲೆ ಲೆಕ್ಕ ಅಂದರೆ ಒಂದೆಲೆಗೆ ಇಷ್ಟು ಎಂದು, ಸಾಮಾನು ಅವರದ್ದೇ. ಇನ್ನೊಂದು, ಸಾಮಾನು ನಮ್ಮದು, ಅಡಿಗೆಯವರಿಗೆ ಮಜೂರಿ. ತೆಂಗಿನಕಾಯಿ, ಬಾಳೆಲೆ, ತರಕಾರಿ ಮನೆಯಲ್ಲೇ ಇರುವವರಿಗೆ ಎರಡನೆಯದು ಅಗ್ಗ. ಆದರೆ ಮುನ್ನಾದಿನ ರಾತ್ರಿ 'ಬೆಲ್ಲ ಸಾಲದು' ಎಂದರೆ ಓಡುವವರು ನೀವೇ. ತಲೆಬಿಸಿ ಬೇಡ ಎಂದೇ ಕೇಳಿದ್ದೀರಿ, ಹಾಗಾದರೆ ಎಲೆ ಲೆಕ್ಕ. ಅದರಲ್ಲಿ ಮೂರು ವಿಷಯ ಮೊದಲೇ ಮಾತಾಡಿ: ಕಡಿಮೆ ಎಂದರೆ ಎಷ್ಟು ಎಲೆಗೆ ದುಡ್ಡು ಕೊಡಲೇಬೇಕು, ಎಲೆ ಎಣಿಸುವವರು ಯಾರು, ಬಡಿಸುವವರ ಊಟ ಲೆಕ್ಕಕ್ಕೆ ಬರುತ್ತದೋ. ಹಂತಿಗೊಮ್ಮೆ ಹಾಕಿದ ಎಲೆಯನ್ನು ಎರಡೂ ಕಡೆಯ ಒಬ್ಬೊಬ್ಬರು ಒಟ್ಟಿಗೆ ಎಣಿಸಿ ಚೀಟಿಯಲ್ಲಿ ಬರೆದರೆ ಸಂಜೆ ಜಗಳವಿಲ್ಲ.

ಸಾಮಾನು ನಿಮ್ಮದೇ ಆದರೆ 100 ಎಲೆಗೆ ಅಂದಾಜು ಇದು: ಅಕ್ಕಿ 10ರಿಂದ 12 ಕಿಲೋ (ಪಾಯಸ, ಹೋಳಿಗೆ, ಚಿತ್ರಾನ್ನ ಇರುವಾಗ ಅನ್ನ ಹೆಚ್ಚು ಹೋಗುವುದಿಲ್ಲ), ಕೊದಿಲು (ಸಾಂಬಾರು), ಮೇಲಾರ (ಮಜ್ಜಿಗೆ ಹುಳಿ), ಪಲ್ಯ, ಪಾಯಸ, ಕಾಯಿಹಾಲು ಎಲ್ಲ ಸೇರಿ ತೆಂಗಿನಕಾಯಿ 40, ಪಾಯಸ 15 ಲೀಟರ್, ಹೋಳಿಗೆ ತಲೆಗೆ ಎರಡರಂತೆ, ಸ್ವಲ್ಪ ಹೆಚ್ಚಿಗೆ ಹಿಡಿದು 220, ಮಜ್ಜಿಗೆ 12 ಲೀಟರ್. ಬಾಳೆಲೆ ನೂರಕ್ಕೆ 110. ಹರಿದದ್ದು, ಸಣ್ಣದು ಇದ್ದೇ ಇರುತ್ತದೆ. ಎಲೆಯನ್ನು ಹಿಂದಿನ ಸಂಜೆ ಕೊಯ್ದು ನೆರಳಲ್ಲಿ ನೀರು ಚಿಮುಕಿಸಿ ಇಡಿ. ಬಿಸಿಲಲ್ಲಿ ಲಾರಿಯ ಮೇಲೆ ತಂದರೆ ಮಡಚುವಾಗಲೇ ಸೀಳುತ್ತದೆ.

ಮೇ ತಿಂಗಳಲ್ಲಿ ಕೆಡುವುದು ಎರಡೇ: ಕಾಯಿಹಾಲು, ಮೇಲಾರ. ಕಾರಣ ಸರಳ. ಬೆಳಗಿನ ಜಾವ ಮೂರು ಗಂಟೆಗೆ ಕಡೆದ ಕಾಯಿ ಒಲೆಯ ಬದಿಯ ಸೆಕೆಗೆ ಹತ್ತು ಗಂಟೆಯೊಳಗೆ ಹುಳಿ ಹಿಡಿಯುತ್ತದೆ. ಸಾಂಬಾರಿನ ಕಾಯಿ ಕುದಿಯುತ್ತದೆ, ಅದಕ್ಕೆ ಭಯ ಇಲ್ಲ. ಮೇಲಾರಕ್ಕೆ ಮಜ್ಜಿಗೆ ಸೇರಿಸುವುದು, ಕಾಯಿಹಾಲು ಹಿಂಡುವುದು ಎರಡೂ ಮೊದಲ ಹಂತಿಗೆ ಒಂದು ಗಂಟೆ ಮೊದಲು ಆಗಲಿ. ಮೂರನೇ ಹಂತಿಯ ಕಾಯಿಹಾಲು ಎರಡನೇ ಹಂತಿ ಉಣ್ಣುವಾಗ ಹಿಂಡಿದರೂ ಸಾಕು. ದೊಡ್ಡ ಗ್ರೈಂಡರ್ ಒಂದೇ ಇದ್ದು ಕರೆಂಟು ಹೋದರೆ ಕೆಲಸ ನಿಂತಿತು. ಅಡಿಗೆಕೋಣೆಯ ಲೈನು ಜನರೇಟರಿಗೆ ಸೇರಿದೆಯೋ ಎಂದು ಮೊದಲೇ ಸ್ವಿಚ್ಚು ಹಾಕಿಸಿ ನೋಡಿ. ಹಲವು ಕಡೆ ಜನರೇಟರು ಹಾಲ್‌ನ ಫ್ಯಾನಿಗೆ, ಮೈಕಿಗೆ ಮಾತ್ರ.

ಬಡಿಸಲು 100 ಎಲೆಗೆ 12 ಜನ. ಹುಡುಗರು ಬರುತ್ತಾರೆ ಎಂದು ನಂಬಿ ಕೂರಬೇಡಿ, ಹೆಸರು ಬರೆದು ಸಾಲು ಹಂಚಿ. ಅನ್ನಕ್ಕೆ ಗಟ್ಟಿಮುಟ್ಟಾದ ಮೂವರು, ಪಾಯಸಕ್ಕೆ ಕೈ ನಡುಗದವರು.

ಬಾಯಾರಿನ ಅಕ್ಕ
ನೀರು ಮರೆತಿರಿ! ಏಪ್ರಿಲ್–ಮೇ ಅಂದರೆ ನಮ್ಮಲ್ಲಿ ಬಾವಿ ತಳ ಕಾಣುವ ಸಮಯ. ಕೈತೊಳೆಯುವುದು, ಪಾತ್ರೆ, ಅಡಿಗೆ, ಶೌಚಾಲಯ ಎಲ್ಲ ಸೇರಿ ತಲೆಗೆ 10 ಲೀಟರ್ ಹಿಡಿಯಿರಿ. 600 ಜನಕ್ಕೆ 6,000 ಲೀಟರ್, ಅಂದರೆ ಸಭಾಭವನದ ಟ್ಯಾಂಕಿ ತುಂಬಿದ್ದರೂ ಒಂದು ಟ್ಯಾಂಕರ್ ಹೆಚ್ಚಿಗೆ ಹೇಳಿಡಬೇಕು. ಹಿಂದಿನ ದಿನವೂ ಮದುವೆ ಇದ್ದರೆ ಟ್ಯಾಂಕಿ ಬರಿದಾಗಿರುತ್ತದೆ. ಕುಡಿಯುವ ನೀರು ಬೇರೆ, ತಲೆಗೆ ಒಂದು ಲೀಟರ್, ಕುದಿಸಿ ಆರಿಸಿದ್ದು. ಬಂದವರಿಗೆ ಬೆಲ್ಲ–ನೀರು, ಪುನರ್ಪುಳಿ (ಕೋಕಂ) ಶರಬತ್ತು ಸಾಕು. ಬಣ್ಣದ ಜ್ಯೂಸು ಯಾರಿಗೂ ಬೇಡ, ಅರ್ಧ ಲೋಟದಲ್ಲೇ ಉಳಿಯುತ್ತದೆ.

ಪಂಚಾಯತ್ ಕಟ್ಟೆ
ಲೋಟದ ಮಾತು ಬಂತಲ್ಲ. ಕೇರಳದಲ್ಲಿ 2020ರ ಜನವರಿಯಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಒಳಗೆ ಪ್ಲಾಸ್ಟಿಕ್ ಲೇಪ ಇರುವ ಕಾಗದದ ಲೋಟವೂ ಅದರಲ್ಲಿ ಬರುತ್ತದೆ. ವಿಟ್ಲದ ಕಡೆಯವರು ಬರುವಾಗ ಅಂಥ ಲೋಟದ ಕಟ್ಟು ತರುವುದುಂಟು, ಬೇಡ ಎಂದು ಮೊದಲೇ ಹೇಳಿ. 100ಕ್ಕಿಂತ ಹೆಚ್ಚು ಜನ ಸೇರುವುದಾದರೆ 3 ದಿನ ಮೊದಲು ಪಂಚಾಯತಿಗೆ ತಿಳಿಸಬೇಕು, ಕಸ ತೆಗೆಯುವ ಶುಲ್ಕ ಕಟ್ಟಬೇಕು. ಎಲೆ, ಅನ್ನ ಒಂದು ಕಡೆ, ಒಣ ಕಸ ಒಂದು ಕಡೆ. ಬೆರೆಸಿದರೆ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ತೆಗೆದುಕೊಳ್ಳುವುದಿಲ್ಲ. ಸ್ಟೀಲ್ ಲೋಟ ಬಾಡಿಗೆಗೆ ತನ್ನಿ, ತೊಳೆಯಲು ಇಬ್ಬರನ್ನು ಇಡಿ. ತಿಂಡಿಗೆ ಅಡಕೆ ಹಾಳೆಯ ತಟ್ಟೆ ಒಳ್ಳೆಯದು, ಆದರೆ ಕಟ್ಟು ಬಿಚ್ಚಿ ಮೂಸಿ ನೋಡಿ ತೆಗೆದುಕೊಳ್ಳಿ. ಮಳೆಗಾಲದ ಹಾಳೆಯಾದರೆ ಬೂಸಲು ವಾಸನೆ ಇರುತ್ತದೆ.

ಮದರಂಗಿ ರಾತ್ರಿಯ ಮೈಕ್ 10 ಗಂಟೆಗೆ ನಿಲ್ಲಬೇಕು. ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ತೆಗೆದುಕೊಂಡಿರಿ.

ಗಡಿಯಾಚೆ
ಬಸ್ಸಿನ ವಿಷಯ ಯಾರೂ ಹೇಳಲಿಲ್ಲ. ವಿಟ್ಲದಿಂದ ಬದಿಯಡ್ಕಕ್ಕೆ ಸಾರಡ್ಕ, ಅಡ್ಕಸ್ಥಳ, ಪೆರ್ಲ ದಾರಿ. ಗಡಿ ದಾಟುತ್ತದೆ. ಲೈನಿನಲ್ಲಿ ಓಡುವ ಖಾಸಗಿ ಬಸ್ಸನ್ನು ದಿಬ್ಬಣಕ್ಕೆ ಹಿಡಿಯುವುದು ನಮ್ಮಲ್ಲಿ ರೂಢಿ. ಆದರೆ ಅದರ ಪರ್ಮಿಟ್ ಆ ಲೈನಿಗೆ ಮಾತ್ರ. ಇನ್ನೊಂದು ರಾಜ್ಯಕ್ಕೆ ಹೋಗಬೇಕಾದರೆ ಮೋಟಾರು ವಾಹನ ಕಾಯ್ದೆಯ 88(8)ನೇ ಕಲಮಿನ ವಿಶೇಷ ಪರ್ಮಿಟ್ ಬೇಕು, ಆ ರಾಜ್ಯದ ತೆರಿಗೆಯೂ ಕಟ್ಟಬೇಕು. ಇದನ್ನು ಬಸ್ಸಿನವರು ಮಾಡಿಸುತ್ತಾರೋ, ಖರ್ಚು ಯಾರದ್ದು ಎಂದು ಮುಂಗಡ ಕೊಡುವ ದಿನವೇ ಕೇಳಿ. ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರುವ ಬಸ್ಸು ಅಥವಾ ಟೆಂಪೋ ಟ್ರಾವೆಲರ್ ಆದರೆ ಈ ಗೋಜಲು ಇಲ್ಲ, ಬಾಡಿಗೆ ಸ್ವಲ್ಪ ಹೆಚ್ಚು.

ತಿರುವಿನ ದಾರಿ, ಎದುರು ಬಸ್ಸು ಬಂದರೆ ನಿಲ್ಲಬೇಕು. ದಿಬ್ಬಣಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮಂಗಳೂರಿನ ನೆಂಟರು ತಲಪಾಡಿ ಮೇಲೆ ಬರುತ್ತಾರೆ. ಹೆದ್ದಾರಿ ಅಗಲವಾದ ಮೇಲೆ ಕುಂಬಳೆಗೆ ತಿರುಗಬೇಕಾದವರು ಸರ್ವಿಸ್ ರಸ್ತೆಗೆ ಮೊದಲೇ ಇಳಿಯದಿದ್ದರೆ ಮುಂದೆ ಹೋಗಿ ಹಿಂದೆ ಬರಬೇಕು. ಹೇಳಿಕೆ ಕಾಗದದ ಹಿಂದೆ ನಕ್ಷೆ ಹಾಕುವುದಕ್ಕಿಂತ 'ಇಲ್ಲಿ ಇಳಿಯಿರಿ' ಎಂದು ಎರಡು ಸಾಲು ವಾಟ್ಸಾಪಿನಲ್ಲಿ ಕಳಿಸುವುದು ಉಪಯೋಗ.

ಪಂಚಾಯತ್ ಕಟ್ಟೆ
ನೋಂದಣಿಯ ಬಗ್ಗೆ ಸ್ವಲ್ಪ ಗಮನ ಕೊಡಿ. ಗಡಿಯ ಮದುವೆಯಲ್ಲಿ ಎಡವುವುದು ಇಲ್ಲಿಯೇ.

ಮದುವೆ ಎಲ್ಲಿ ನಡೆಯುತ್ತದೋ ನೋಂದಣಿ ಅಲ್ಲಿ. ಬದಿಯಡ್ಕ ಪಂಚಾಯತಿನ ಸಭಾಭವನದಲ್ಲಿ ಧಾರೆಯಾದರೆ ಬದಿಯಡ್ಕ ಪಂಚಾಯತಿನಲ್ಲಿ. ಹುಡುಗಿಯ ಮನೆ ಬೇರೆ ಪಂಚಾಯತಿನಲ್ಲಿದ್ದರೂ ಲೆಕ್ಕಕ್ಕಿಲ್ಲ. ಸಭಾಭವನ ಸಿಗಲಿಲ್ಲವೆಂದು ಮದುವೆಯನ್ನು ವಿಟ್ಲಕ್ಕೋ ಪುತ್ತೂರಿಗೋ ಒಯ್ದರೆ ಕೇರಳದ ಪಂಚಾಯತು ನೋಂದಾಯಿಸುವುದಿಲ್ಲ. ಆಗ ಕರ್ನಾಟಕದ ಉಪನೋಂದಣಾಧಿಕಾರಿ ಕಚೇರಿ.

ಕೇರಳದ 2008ರ ನಿಯಮದ ಪ್ರಕಾರ 45 ದಿನದ ಒಳಗೆ ಅರ್ಜಿ ಕೊಡಬೇಕು. ಈಗ ಕೇರಳದ ಪಂಚಾಯತುಗಳ ಕೆ-ಸ್ಮಾರ್ಟ್ ಜಾಲತಾಣದ ಮೂಲಕ ಆನ್‌ಲೈನಿನಲ್ಲೇ ಆಗುತ್ತದೆ. ಇಬ್ಬರ ವಯಸ್ಸಿನ ದಾಖಲೆ (ಶಾಲೆಯ ಸರ್ಟಿಫಿಕೇಟ್ ಅಥವಾ ಪಾಸ್‌ಪೋರ್ಟ್), ವಿಳಾಸ, ಫೋಟೋ, ಇಬ್ಬರು ಸಾಕ್ಷಿಗಳು, ಮದುವೆ ನಡೆದುದಕ್ಕೆ ಪುರಾವೆ. ದೇವಸ್ಥಾನದಲ್ಲಿ ಆದರೆ ಅಲ್ಲಿಯ ಪತ್ರ ಸಾಕು. ಸಭಾಭವನದಲ್ಲಿ ಆದರೆ ಗಜೆಟೆಡ್ ಅಧಿಕಾರಿ, ಶಾಸಕರು ಅಥವಾ ಪಂಚಾಯತ್ ಸದಸ್ಯರಿಂದ ನಮೂನೆ 2ರಲ್ಲಿ ದೃಢೀಕರಣ ಬರೆಸಬೇಕು. ನಿಮ್ಮ ವಾರ್ಡಿನ ಸದಸ್ಯರಿಗೆ ಮದುವೆಯ ಹೇಳಿಕೆ ಹೇಗೂ ಕೊಡುತ್ತೀರಿ, ಊಟಕ್ಕೆ ಬಂದ ದಿನವೇ ಈ ವಿಷಯ ಹೇಳಿಡಿ. 45 ದಿನ ದಾಟಿದರೂ ಆಗುತ್ತದೆ, ದಂಡ ಕಟ್ಟಬೇಕು. ಬಹಳ ತಡವಾದರೆ ಮೇಲಿನ ಅಧಿಕಾರಿಯ ಅನುಮತಿ ತನಕ ಹೋಗುತ್ತದೆ.

ಮತ್ತೆ ಹೆಸರಿನ ಅಕ್ಷರ. ಆಧಾರಿನಲ್ಲಿ ಒಂದು, ಹತ್ತನೇ ತರಗತಿಯ ಪಟ್ಟಿಯಲ್ಲಿ ಇನ್ನೊಂದು, ಹೇಳಿಕೆ ಕಾಗದದಲ್ಲಿ ಕರೆಯುವ ಹೆಸರು ಮಾತ್ರ. ನಮ್ಮ 'ಶ್ರೀ' ಕೇರಳದ ದಾಖಲೆಯಲ್ಲಿ ಒಂದು ರೀತಿ, ಕರ್ನಾಟಕದಲ್ಲಿ ಇನ್ನೊಂದು ರೀತಿ ಇಂಗ್ಲಿಷ್ ಅಕ್ಷರಕ್ಕೆ ಇಳಿಯುತ್ತದೆ. ಕಾಗದ ಅಚ್ಚಿಗೆ ಹೋಗುವ ಮೊದಲು ಇಬ್ಬರ ಆಧಾರ್ ಎದುರಿಗಿಟ್ಟು ಹೆಸರು, ಇನಿಶಿಯಲ್, ಅಪ್ಪ ಅಮ್ಮನ ಹೆಸರು ಸರಿಮಾಡಿ. ಇಲ್ಲದಿದ್ದರೆ ಮದುವೆಯ ಸರ್ಟಿಫಿಕೇಟಿನಲ್ಲಿ ಬಿದ್ದ ತಪ್ಪು ಪಾಸ್‌ಪೋರ್ಟಿನ ತನಕ ಬೆನ್ನು ಬಿಡುವುದಿಲ್ಲ.

ಪೆರಡಾಲದಿಂದ
ಇದು ಗೊತ್ತೇ ಇರಲಿಲ್ಲ. ಪುತ್ತೂರಿನ ಒಂದು ಸಭಾಭವನವೂ ನಮ್ಮ ಪಟ್ಟಿಯಲ್ಲಿ ಇತ್ತು. ಮನೆಯಲ್ಲಿ ಅಜ್ಜಿಗೆ ವಯಸ್ಸಾಗಿದೆ, ಸೂತಕವೇನಾದರೂ ಬಂದರೆ ಎಂಬ ಚಿಂತೆ ಹಿರಿಯರಿಗೆ. ಕೇಳಲು ಸಂಕೋಚ, ಆದರೂ ಕೇಳುತ್ತಿದ್ದೇನೆ.

ಗಿಂಡಿ
ಸಂಕೋಚ ಎಂತಕ್ಕೆ, ಎಲ್ಲರ ಮನೆಯಲ್ಲೂ ಇರುವ ಚಿಂತೆ. ನಾಂದಿ (ಶುಭಕಾರ್ಯದ ಮೊದಲು ಪಿತೃಗಳಿಗೆ ಮಾಡುವ ಕರ್ಮ) ಆದ ಮೇಲೆ ಆ ಕಾರ್ಯಕ್ಕೆ ಅಮೆ (ಹೆರಿಗೆಯ ಮೈಲಿಗೆ), ಸೂತಕ ಬಾಧಿಸುವುದಿಲ್ಲ ಎಂಬುದು ಶಾಸ್ತ್ರ. ಮದುವೆಗೆ 10 ದಿನ ಮೊದಲಿನ ತನಕ ನಾಂದಿ ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ಹಿಂದಿನ ದಿನವೋ ಅದೇ ದಿನ ಬೆಳಿಗ್ಗೆಯೋ ಮಾಡುತ್ತಾರೆ. ನಿಮ್ಮಂಥ ಮನೆಯಲ್ಲಿ ಬೇಗ ಮಾಡಬಹುದೋ ಎಂದು ನಿಮ್ಮ ಪುರೋಹಿತರನ್ನೇ ಕೇಳಿ.

ಅವರನ್ನು ಕೇಳುವಾಗಲೇ ಇನ್ನೊಂದು ಕೆಲಸ ಮುಗಿಸಿ. ಎರಡು ಕಡೆಯ ಪುರೋಹಿತರು ಹದಿನೈದು ದಿನ ಮೊದಲು ಫೋನಿನಲ್ಲಿ ಮಾತಾಡಲಿ. ಯಾವ ಸಾಮಾನು ಯಾರ ಕಡೆಯಿಂದ ಎಂಬುದು ಆಗಲೇ ತೀರ್ಮಾನವಾಗಬೇಕು. ಎರಡೂ ಕಡೆಯವರು 'ಅವರು ತರುತ್ತಾರೆ' ಎಂದು ಬಿಟ್ಟು ಬರುವವು: ಹೊದಳು (ಅರಳು), ಅಂತರಪಟದ ವಸ್ತ್ರ, ದರ್ಭೆ, ಧಾರೆಯ ಗಿಂಡಿ, ಹಿಂಗಾರ (ಅಡಕೆಯ ಹೂ). ಎರಡೂ ಕಡೆಯವರು ತಂದು ರಾಶಿ ಬೀಳುವವು: ವೀಳ್ಯದೆಲೆ, ಬಾಳೆಹಣ್ಣು. ದಕ್ಷಿಣೆಗೆ 10, 20, 50ರ ನೋಟು ಬ್ಯಾಂಕಿನಿಂದ ವಾರ ಮೊದಲು ತನ್ನಿ, ಮಂಟಪದಲ್ಲಿ ಕೂತ ಮೇಲೆ 500ಕ್ಕೆ ಚಿಲ್ಲರೆ ಹುಡುಕಬೇಡಿ.

ಬಾಯಾರಿನ ಅಕ್ಕ
ಮಲ್ಲಿಗೆಯದ್ದೂ ಹೇಳಿಬಿಡುತ್ತೇನೆ. ಶಂಕರಪುರದ ಮಲ್ಲಿಗೆ ಚೆಂಡಿನ ಲೆಕ್ಕ: ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಒಂದು ಚೆಂಡನ್ನು ನಾಲ್ಕೈದು ಹೆಂಗಸರಿಗೆ ಹಂಚಬಹುದು. ದರ ದಿನಾ ಬದಲಾಗುತ್ತದೆ, ಸೀಸನ್ನಿನಲ್ಲಿ ಅಟ್ಟಿಗೆ 2,000 ರೂಪಾಯಿ ದಾಟುವುದುಂಟು, ಆದ್ದರಿಂದ ದರ ಕಟ್ಟಿಸಿಕೊಳ್ಳಲು ಆಗುವುದಿಲ್ಲ, ಚೆಂಡು ಮಾತ್ರ ಹೇಳಿಡಬಹುದು. ಬೆಳಗಿನ ಮುಹೂರ್ತಕ್ಕೆ ಮುಡಿಯುವುದು ಹಿಂದಿನ ದಿನದ ಹೂವೇ. ಬಾಳೆಲೆಯ ಕಟ್ಟು ಬಿಚ್ಚದೆ ಒದ್ದೆ ಬಟ್ಟೆ ಸುತ್ತಿ ತಂಪಿನಲ್ಲಿಡಿ. ಫ್ರೀಜರಿಗೆ ಹಾಕಿದರೆ ಕಪ್ಪಾಗುತ್ತದೆ.

ಸುಧರಿಕೆ ಭಾವ
ಮದುವೆಯ ದಿನ ಅಪ್ಪ ಅಮ್ಮನ ಕೈಯಲ್ಲಿ ಫೋನೂ ಬೇಡ, ದುಡ್ಡಿನ ಚೀಲವೂ ಬೇಡ. ಬಸ್ಸು, ವಾಲಗ, ಹೂವು, ಅಡಿಗೆ, ಫೋಟೋ, ಇವರಿಗೆ ಬಾಕಿ ಕೊಡಬೇಕಾದದ್ದನ್ನು ಹೆಸರು ಬರೆದ ಲಕೋಟೆಯಲ್ಲಿ ಹಾಕಿ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಇಟ್ಟುಕೊಳ್ಳಲಿ. ಎಲ್ಲ ಗುತ್ತಿಗೆಯವರಿಗೂ ಇನ್ನೊಬ್ಬರ ಒಂದೇ ನಂಬರು ಕೊಡಿ. ಆ ಇಬ್ಬರು ಬಡಿಸಲು ಹೋಗಬಾರದು, ಫೋಟೋಕ್ಕೂ ನಿಲ್ಲಬಾರದು. ಮನೆಯವರ ಫೋಟೋವನ್ನು ಧಾರೆಗೆ ಮೊದಲು ತಿಂಡಿಯ ಹೊತ್ತಿಗೇ ಮುಗಿಸಿ. ಊಟದ ಹೊತ್ತಿಗೆ ಇಟ್ಟರೆ ಮೊದಲ ಹಂತಿಯಲ್ಲಿ ಅರ್ಧ ಎಲೆ ಖಾಲಿ, ಮೂರು ಹಂತಿ ನಾಲ್ಕಾಗುತ್ತದೆ.

ಪೆರಡಾಲದಿಂದ
ಎಲ್ಲರಿಗೂ ಉಪಕಾರ. ಪುತ್ತೂರು ಪಟ್ಟಿಯಿಂದ ಹೊರಗೆ. ಮೂರು ದಿನ ಬರೆಸಿಕೊಂಡು ಬಂದ ಮೇಲೆ ಎಲೆಯ ಲೆಕ್ಕ ಕೇಳುತ್ತೇವೆ. ಕೊನೆಗೊಂದು ಸಣ್ಣ ಪ್ರಶ್ನೆ: ಹೋಳಿಗೆ, ಪಾಯಸ ಇರುವಾಗ ಐಸ್‌ಕ್ರೀಮ್ ಬೇಕಾ? ತಮ್ಮನ ಹಟ.

ಅಡಿಗೆಕೋಣೆ
ಬೇಡ ಎಂದರೆ ತಮ್ಮ ಕೇಳುವುದಿಲ್ಲ, ಹಾಗಾಗಿ ಇಡಿ. ಆದರೆ ಕೈತೊಳೆಯುವಲ್ಲಿ ಇಡಬೇಡಿ ಮಾರಾಯ್ರೆ. ಉಂಡವರು ಅಲ್ಲಿಯೇ ನಿಂತು ತಿನ್ನುತ್ತಾರೆ, ಮುಂದಿನ ಹಂತಿಯವರಿಗೆ ಒಳಗೆ ಬರಲು ದಾರಿ ಇರುವುದಿಲ್ಲ. ಹೊರಬಾಗಿಲ ಆಚೆ, ಚಪ್ಪಲಿ ಬಿಡುವ ಜಾಗದಿಂದಲೂ ದೂರ, ನೆರಳಿನಲ್ಲಿ.